ತೊಟ್ಟಿಲ ಪದದಲ್ಲಿ ನನ್ನ ದನಿ

ಮಾನ್ವಿಯಲ್ಲಿ, ಮಗಳ ಗಂಡನ ಮನೆಯಲ್ಲಿ, ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನವೇ ನನ್ನ ಗಂಟಲು ಕಟ್ಟಿತ್ತು. ನಮ್ಮ ದೇವದುರ್ಗದ ಕಡೆ ತೊಟ್ಟಿಲ ಪದಕ್ಕೆ ಒಬ್ಬಾಕಿ ಮುಂದೆ ಹೇಳಬೇಕು, ಉಳಿದವರು ಹಿಂದೆ ಎತ್ತಬೇಕು. ತವರಿನವರ ಪದ ಆಗದೆ ನಮ್ಮಲ್ಲಿ ಕೂಸಿನ ಹೆಸರು ಕರೆಯುವುದಿಲ್ಲ. ಪುಣ್ಯಕ್ಕೆ, ನಮ್ಮ ಓಣಿಯ ಹೆಂಗಸರ ಜೊತೆ ನಾನು ಹಾಡಿದ್ದನ್ನು ಮಗಳು ಹಿಂದೆಯೇ ಫೋನಿನಲ್ಲಿ ತುಂಬಿಕೊಂಡಿದ್ದಳು. ಅದನ್ನೇ ಲ್ಯಾಪ್‌ಟಾಪಿನಲ್ಲಿ ಹಚ್ಚಿದಳು.

ಓಣಿಯವರು ಹಿಂದೆ ಎತ್ತಿದ್ದು ಬಂತು, ಚಪ್ಪಾಳೆ ಬಂತು. ನನ್ನ ದನಿ ಮಾತ್ರ ಇಲ್ಲ. ಸೌಂಡ್ ಹೆಚ್ಚಿಸಿದರೆ ಚಪ್ಪಾಳೆಯೇ ಜೋರಾಯಿತು. ನಾನು ಎದ್ದೆ, ಕೂತೆ, ಸೆರಗು ಹಿಂಡಿದೆ, ಮತ್ತೆ ಎದ್ದೆ.

"ಬೀಗತಿ, ನಿಮ್ಮ ದೇವದುರ್ಗದಾಗ ಪದ ಹೇಳೂದಂದ್ರ ಬರೇ ಚಪ್ಪಾಳಿ ಹೊಡಿಯೂದೇನ್ರಿ?" ಅಂದಳು ಮಗಳ ಅತ್ತೆ.

ರಾಯಚೂರಿನಿಂದ ಬಂದಿದ್ದ ಮಗಳ ನಾದಿನಿ ಪ್ಲೇಯರಿನ ಸೆಟ್ಟಿಂಗ್ ತೆಗೆದು ನೋಡಿದಳು. "ಯವ್ವಾ, ದನಿ ಎಡಕ್ಕೊಂದು ಬಲಕ್ಕೊಂದು ತುಂಬಿರ್ತದ. ಯಾರೋ ಎಡಗಡಿದು ಪೂರಾ ಮುಚ್ಯಾರ. ನೀವು ಫೋನಿನ ಆ ಕಡಿನೇ ಕುಂತು ಹಾಡೀರಿ," ಅಂದು ಪರದೆಯ ಮೇಲಿನ ಗುಂಡಿಯನ್ನು ನಡುವಿಗೆ ಸರಿಸಿದಳು.

ನನ್ನ ದನಿ ಬಂತು. ಮೊದಲ ಸೊಲ್ಲು ಮುಗಿಯುತ್ತಲೇ ಮಾನ್ವಿಯ ಹೆಂಗಸರೆಲ್ಲ ಎತ್ತಿಕೊಂಡರು, ಬೀಗತಿಯೂ ಎತ್ತಿದಳು. ಕೂಸಿನ ಕಿವಿಯಲ್ಲಿ ಹೆಸರು ಕರೆದರು. ಹಿಗ್ಗಿಗೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ದನಿಯಿಲ್ಲದ ತುಟಿ ಆಡಿಸುತ್ತ ತೊಟ್ಟಿಲ ಹಗ್ಗ ಹಿಡಿದು ತೂಗಿದೆ. ಎಷ್ಟು ಮಂದಿ ಬಂದು ಕೇಳಿದರೂ ಆ ಹಗ್ಗ ಬಿಟ್ಟುಕೊಡಲಿಲ್ಲ.