ಸಿಟ್ಟು ಬರದ ಮೆಕ್ಯಾನಿಕ್

ನನ್ನ ಅಂಕಣ ಓದಿ ಯಾರಾದರೂ ಬದಲಾಗಿದ್ದಾರೆಯೇ ಎಂದು ಆಗಾಗ ಅನುಮಾನ ಬರುತ್ತಿತ್ತು. ಒಬ್ಬರು ಬದಲಾಗಿದ್ದಾರೆ. ಅದಕ್ಕೇ ನನ್ನ ಮೇಲೆ ದೂರು.

ನೆನಪಿರಬಹುದು, ಎರಡು ತಿಂಗಳ ಹಿಂದೆ ದಾಂಡೇಲಿಯ ಬೈಕ್ ಮೆಕ್ಯಾನಿಕ್ ಇಮ್ತಿಯಾಜ್ ಭಾಯ್ ಬಗ್ಗೆ ಬರೆದಿದ್ದೆ. ಬೈಕ್ ಇನ್ನೂ ರೆಡಿಯಾಗಿಲ್ಲವೆಂದು ಗಿರಾಕಿಯೊಬ್ಬ ಗ್ಯಾರೇಜಿನಲ್ಲಿ ಬಾಯಿಗೆ ಬಂದಂತೆ ಬೈಯುತ್ತಿದ್ದ. ಭಾಯ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. ಹಿಂದಿನ ನಲ್ಲಿಗೆ ಹೋಗಿ, ಸಾಬೂನು ಪುಡಿ ಹಚ್ಚಿ ಮೊಣಕೈವರೆಗೆ ಗ್ರೀಸ್ ತೊಳೆದು, ನಕ್ಕು, ಹೊರಟುಹೋದರು. ಸ್ಕೂಟರ್ ಸರ್ವಿಸಿಗೆ ಕೊಟ್ಟು ಕೂತಿದ್ದ ನನಗೆ ಇನ್ನೇನು ಬೇಕು? ಸಿಟ್ಟನ್ನು ತೊಳೆದುಕೊಳ್ಳುವ ಮನುಷ್ಯ ಎಂದು ಬರೆದೇಬಿಟ್ಟೆ. ವಾಟ್ಸ್ಯಾಪಿನಲ್ಲಿ ಓಡಾಡಿತು. ಯಾರೋ ಲ್ಯಾಮಿನೇಟ್ ಮಾಡಿಸಿ ಗ್ಯಾರೇಜಿನ ಗೋಡೆಗೂ ಹಾಕಿದರು.

ಮೊನ್ನೆ ಬ್ರೇಕ್ ತೋರಿಸಲು ಹೋದೆ. ಪಕ್ಕದ ಸಿಮೆಂಟ್ ಅಂಗಡಿಯ ಟೆಂಪೋ ಗ್ಯಾರೇಜಿನ ಬಾಗಿಲಿಗೆ ಅಡ್ಡ ನಿಂತಿತ್ತು. ರೆಡಿಯಾದ ಮೂರು ಬೈಕ್ ಒಳಗೇ ಸಿಕ್ಕಿಕೊಂಡಿದ್ದವು. ಕುಳಗಿಗೆ ಡ್ಯೂಟಿಗೆ ಹೋಗಬೇಕಿದ್ದ ಫಾರೆಸ್ಟ್ ಗಾರ್ಡ್ ಕಾದು ಕಾದು, “ಇನ್ನ ಮ್ಯಾಲ ಗಾಡಿ ಬ್ಯಾರೆ ಕಡೆ ಬಿಡ್ತೇನ್ರಿ” ಎಂದು ಬಸ್ ಹಿಡಿಯಲು ಹೋದ. ಈ ತಿಂಗಳಲ್ಲಿ ಹೀಗೆ ಹೋದವರಲ್ಲಿ ಅವನೇ ಮೊದಲಿಗನಲ್ಲವಂತೆ.

ಟೆಂಪೋ ಮಾಲೀಕ ಆರಾಮಾಗಿ ಚಹಾ ಕುಡಿಯುತ್ತಿದ್ದ. “ಭಾಯ್‌ಗೆ ಸಿಟ್ಟ ಬರೂದಿಲ್ಲ ಬಿಡ್ರಿ. ಪೇಪರಿನ್ಯಾಗ ಬಂದೈತಿ!” ಎಂದು ನನಗೇ ಹೇಳಿದ.

ಭಾಯ್ ನಲ್ಲಿಗೆ ನಡೆದರು. ನಾನೂ ಹಿಂದೆ ಹೋದೆ. ಅವರ ಅಂಗೈಯ ಚರ್ಮ ಸುಲಿದಿತ್ತು.

“ಏನ್ರಿ ಭಾಯ್ ಇದು?”

“ದಿನಾ ನಾಕೈದ ಸಲ ತೊಳ್ಯಾಕತ್ತೇನ್ರಿ ಸರ್ರ. ಎಲ್ಲಾರೂ ನೋಡ್ಕೋತ ನಿಂತಿರ್ತಾರ. ಮೊದಲ ಒಂದ ಸಲ ಒದರಿದ್ರ ಟೆಂಪೋ ಸರೀತಿತ್ತು. ಈಗ ಒದರಿದ್ರ, ಸರ್ ಸುಳ್ಳ ಬರದಾರ ಅಂತಾರ.”

“ಮತ್ತ ಅವತ್ತ ಆ ಗಿರಾಕಿ ಬೈದಾಗ ಹೆಂಗ ತಡಕೊಂಡ್ರಿ?”

“ಎಲ್ಲಿ ತಡಕೊಂಡೇನ್ರಿ? ಅವತ್ತ ಶುಕ್ರವಾರ. ನಮಾಜಿಗೆ ಹೊತ್ತಾಗಿತ್ತು.”

“ನಕ್ಕಿದ್ರಲ್ಲಾ?”

“ಬಂದ ಮ್ಯಾಲ ನೋಡ್ಕೋತೇನಿ ಮಗನ ಅಂತ ನಕ್ಕಿದ್ದೆ.”

ಕ್ಯಾಲೆಂಡರ್ ನೋಡಿದ್ದರೆ ಸಾಕಿತ್ತು. ಹತ್ತು ನಿಮಿಷ ಕೂತು ನೋಡಿ ಒಬ್ಬ ಮನುಷ್ಯನಿಗೆ ಜನ್ಮಕ್ಕಾಗುವಷ್ಟು ಶಾಂತಿ ದಯಪಾಲಿಸಿಬಿಟ್ಟಿದ್ದೆ. ನಾಚಿಕೆಯಾಯಿತು.

ಆದರೆ ನಾವೆಲ್ಲ ಮಾಡುವುದು ಇದನ್ನೇ ಅಲ್ಲವೇ? ‘ನಮ್ಮ ಸೊಸೆ ಒಂದು ದಿನವೂ ಎದುರು ಮಾತಾಡಿದವಳಲ್ಲ’ ಎಂದು ನಾಲ್ಕು ಜನರೆದುರು ಹೊಗಳುತ್ತೇವೆ. ಅಲ್ಲಿಗೆ ಆಕೆಯ ಬಾಯಿ ಬಂದ್. ಬೈದವರಿಗೆ ತಿರುಗಿ ಬೈಯಬಹುದು, ಹೊಗಳಿದವರಿಗೆ ಏನು ಮಾಡುವುದು? ಈ ಅಂಕಣದ ನೆತ್ತಿಯ ಮೇಲೂ ಒಂದು ನಗುವ ಫೋಟೋ ಇದೆ. (“ಪೇಪರಿನ್ಯಾಗ ನಗೂ ಆ ಮನಶ್ಯಾನ್ನ ಒಂದ ದಿನ ಮನಿಗೆ ಕಳಸ್ರಿ” ಎಂದು ನನ್ನ ಹೆಂಡತಿ ಕೇಳುತ್ತಲೇ ಇದ್ದಾಳೆ.)

“ಗ್ವಾಡಿ ಮ್ಯಾಲಿಂದ ಅದನ್ನ ತಗದ ಬಿಡ್ರಿ” ಎಂದೆ.

ಭಾಯ್ ಕೈ ಒರೆಸಿಕೊಂಡರು. ಅದೇ ಬಟ್ಟೆಯಿಂದ ಲ್ಯಾಮಿನೇಷನ್ ಮೇಲಿನ ಧೂಳನ್ನೂ ಒರೆಸಿದರು. ಸ್ವಲ್ಪ ಹೊತ್ತು ನೋಡಿದರು.

“ತಗೀಬೇಕು ಖರೆ. ಆದ್ರ ಛಲೋ ಬರದೀರಿ ಸರ್ರ. ಇದು ಇಲ್ಲೇ ಇರ್ಲಿ, ನೀವ ಬೇಕಾದ್ರ ಇನ್ನೊಂದ ಬರೀರಿ.”

ಆದ್ದರಿಂದ ಬರೆಯುತ್ತಿದ್ದೇನೆ. ಇಮ್ತಿಯಾಜ್ ಭಾಯ್‌ಗೆ ಸಿಟ್ಟು ಬರುತ್ತದೆ. ಚೆನ್ನಾಗಿಯೇ ಬರುತ್ತದೆ.

ಟೆಂಪೋ ಮಾಲೀಕರೇ, ಇವತ್ತು ಸೋಮವಾರ. ಶುಕ್ರವಾರದ ನಮಾಜಿಗೆ ಇನ್ನೂ ನಾಲ್ಕು ದಿನ ಇದೆ, ಗಾಡಿ ತೆಗೆಯುತ್ತೀರೋ ಹೇಗೆ?