ಬೈಕಂಪಾಡಿಯ ಗೋದಾಮಿನ ಅಂಗಳ

ಇದು ನಾನು ಕಟ್ಟಿದ ಕಥೆಯಲ್ಲ. ಕಟ್ಟುವುದಾದರೆ ನನ್ನ ಕುತ್ತಿಗೆಗೇ ಬರುವಂಥದ್ದನ್ನು ಯಾಕೆ ಕಟ್ಟಲಿ?

ಕಾರವಾರದಿಂದ ಮಂಗಳೂರಿಗೆ ಸೈಕಲ್‌ನಲ್ಲಿ ಹೊರಟವರು ನಾವು ಮೂವರು. ಅಕ್ಕನ ಗಂಡ ಯತೀಶ್ ಭಾವ, ಗೆಳೆಯ ಪ್ರಜ್ವಲ್ ಮತ್ತು ನಾನು. ಭಾವ ಮೀನುಗಾರರ ಮನೆಯವರು. ಬಲೆ ಎಳೆದು ಬಲಿತ ತೋಳು, ಜೋರು ನಗು. ಏರು ಬಂದಾಗಲೆಲ್ಲ ನಮ್ಮನ್ನು ಗದರಿಸಿ ಹತ್ತಿಸಿದ್ದು ಅವರೇ.

ಕೊನೆಯ ದಿನ ಸುರತ್ಕಲ್ ದಾಟುವಾಗ ಕತ್ತಲಾಗಿತ್ತು. ಹೆದ್ದಾರಿಯಲ್ಲಿ ಟ್ಯಾಂಕರ್‌ಗಳು ಸಾಲುಗಟ್ಟಿ ನಿಂತಿದ್ದವು. ಕದ್ರಿಯ ಮನೆಯಲ್ಲಿ ಅಕ್ಕ ಕೋರಿ ರೊಟ್ಟಿ ಮಾಡಿಟ್ಟು ಕಾಯುತ್ತಿದ್ದಳು.

“ಬೈಕಂಪಾಡಿಯ ಒಳಗಿನಿಂದ ಹೋಗುವ, ಬೇಗ ಮುಟ್ತೇವೆ” ಎಂದ ಪ್ರಜ್ವಲ್.

ಒಳದಾರಿಯಲ್ಲಿ ಕಾರ್ಖಾನೆಗಳು ಮುಚ್ಚಿದ್ದವು. ಸುಟ್ಟ ರಬ್ಬರಿನ ವಾಸನೆ... ಅದರೊಳಗೆ ಹಳಸಿದ ಮೀನೆಣ್ಣೆಯ ವಾಸನೆ. ಒಂದು ಗೋದಾಮಿನ ಎದುರು ಭಾವನ ಸೈಕಲ್ಲಿನ ಚೈನು ಕಳಚಿತು. ಅವರು ಬಗ್ಗಿ ಅದನ್ನು ಕೂರಿಸುತ್ತಿರುವಾಗಲೇ ಕರೆಂಟು ಹೋಯಿತು.

ಆಗ ಕೇಳಿಸಿತು. ಧಪ್... ಧಪ್...

ಒದ್ದೆ ಗೋಣಿಗೆ ಕಬ್ಬಿಣದ ರಾಡಿನಿಂದ ಬಡಿದ ಹಾಗೆ. ಒಂದೊಂದು ಪೆಟ್ಟಿನ ಹಿಂದೆಯೂ ಒಂದು ಗಂಡಸಿನ ನರಳಾಟ. “ಹಾಕೊಡ್ಚಿ... ಹಾಕೊಡ್ಚಿ...” ಹೊಡೆಯಬೇಡ ಎಂದು ತುಳುವಿನಲ್ಲಿ ಬೇಡುತ್ತಿದ್ದ.

“ಯಾರನ್ನೋ ಹೊಡೆದು ಕೊಲ್ತಾ ಇದ್ದಾರೆ ಮಾರಾಯ!” ಭಾವ ಚೈನು ಬಿಟ್ಟು ಎದ್ದರು.

“ಬೇಡ ಭಾವ, ಪೊಲೀಸರಿಗೆ ಫೋನ್ ಮಾಡುವ” ಎಂದೆ ನಾನು.

“ಅವರು ಬರುವಾಗ ಎಂತ ಉಳಿದಿರ್ತದೆ?”

ಗೇಟು ಅರೆ ತೆರೆದಿತ್ತು. ಪ್ರಜ್ವಲ್ ಹೊರಗೆ ನಿಂತು ಪೊಲೀಸರಿಗೆ ಫೋನ್ ಹಚ್ಚಲು ಒದ್ದಾಡಿದ. ನಾನು ಸೈಕಲ್ಲಿನ ದೀಪ ಕಿತ್ತುಕೊಂಡು ಭಾವನ ಹಿಂದೆ ಓಡಿದೆ. ಅಂಗಳ ಖಾಲಿ. ಸದ್ದು ಬರುತ್ತಿದ್ದದ್ದು ಗೋದಾಮಿನ ಶಟರಿನ ಒಳಗಿನಿಂದ. ಶಟರಿಗೆ ತುಕ್ಕು ಹಿಡಿದ ಬೀಗ.

ಭಾವ ಎರಡೂ ಕೈಯಿಂದ ಶಟರು ಬಡಿದರು. “ಏಯ್! ಬಿಡಿ ಅವನನ್ನು!”

ಒಳಗೆ ಸದ್ದು ನಿಂತಿತು. ಉಸಿರಾಟವೂ ಇಲ್ಲ...

ಮುಂದಿನ ಪೆಟ್ಟು ಹೊರಗೆ ಬಿತ್ತು.

ಭಾವನ ಹೆಲ್ಮೆಟ್ ಸೀಳಿತು. ಅವರು ಮೊಣಕಾಲೂರಿ ಕುಸಿದರು. ದೀಪ ಹಾಯಿಸಿದೆ... ಯಾರೂ ಇಲ್ಲ! ತಲೆಗೆ ಅಡ್ಡ ಹಿಡಿದಿದ್ದ ಅವರ ಎಡಗೈ ನನ್ನ ಕಣ್ಣೆದುರೇ ನಡುವಿನಲ್ಲಿ ಬಾಗಿತು. ಮೂಳೆ ಮುರಿದ ಸದ್ದು ಇಂದಿಗೂ ಕಿವಿಯಲ್ಲಿದೆ. ಬಾಯಿಂದ ರಕ್ತ ನನ್ನ ಕಾಲಿಗೆ ಸಿಡಿಯಿತು.

“ಹಾಕೊಡ್ಚಿ!” ಎಂದು ಕಿರುಚಿದರು ಭಾವ. ಶಟರಿನ ಒಳಗಿನಿಂದ ಕೇಳಿದ್ದು ಇದೇ ದನಿ.

ನಾನು ಅವರ ಮೇಲೆ ಬಿದ್ದು ತಬ್ಬಿಕೊಂಡೆ, ಹೊಡೆಯುವುದಿದ್ದರೆ ನನಗೆ ಹೊಡೆಯಲಿ ಎಂದು. ಒಂದು ಪೆಟ್ಟೂ ನನಗೆ ತಾಗಲಿಲ್ಲ. ಧಪ್... ಧಪ್... ನನ್ನ ಎದೆಯ ಕೆಳಗೆ ಅವರ ಪಕ್ಕೆಲುಬು ಕುಸಿಯುವುದು ನನಗೆ ಗೊತ್ತಾಗುತ್ತಿತ್ತು. ನಮ್ಮಿಬ್ಬರ ನಡುವೆ ಗಾಳಿ ಹೋಗುವಷ್ಟೂ ಜಾಗ ಇರಲಿಲ್ಲ.

ಕರೆಂಟು ಬಂತು. ಪೆಟ್ಟು ನಿಂತಿತು.

ಪ್ರಜ್ವಲ್ ಓಡಿ ಬಂದವನು ಕೂಗಿಕೊಂಡ. ಆ ದಾರಿಯಲ್ಲಿ ಬಂದ ಪಿಕಪ್ಪಿನವನೊಬ್ಬ ನಮ್ಮನ್ನು ಕಂಕನಾಡಿಯ ಆಸ್ಪತ್ರೆಗೆ ಮುಟ್ಟಿಸಿದ. ಎಕ್ಸ್‌ರೇ ನೋಡಿದ ಡಾಕ್ಟರು, “ಇದು ಆಕ್ಸಿಡೆಂಟ್ ಅಲ್ಲ. ರಾಡಿನಲ್ಲಿ ಹೊಡೆದದ್ದು” ಎಂದು ನಮ್ಮಿಬ್ಬರ ಮುಖ ನೋಡಿದರು. ಪೊಲೀಸರು ಬೀಗ ಒಡೆಸಿ ಗೋದಾಮಿನ ಒಳಗೆ ಹುಡುಕಿದರು. ಖಾಲಿ. ನೆಲದ ಧೂಳಿನಲ್ಲಿ ಒಂದು ಹೆಜ್ಜೆಗುರುತೂ ಇರಲಿಲ್ಲವಂತೆ. ಆ ಜಾಗದಲ್ಲಿ ಯಾರಾದರೂ ಸತ್ತದ್ದು, ಹೊಡೆದಾಟ ಆದದ್ದು, ಸುತ್ತಲಿನ ಒಬ್ಬರಿಗೂ ಗೊತ್ತಿಲ್ಲ.

ಭಾವ ಎಚ್ಚರಾದ ಮೇಲೆ ಪೊಲೀಸರಿಗೆ, “ಯಾವುದೋ ಲಾರಿ ಗುದ್ದಿತು” ಎಂದು ಹೇಳಿಕೆ ಕೊಟ್ಟರು. ಯಾಕೆ ಹಾಗೆ ಹೇಳಿದರೆಂದು ನನಗೆ ಅರ್ಥವಾಗಲಿಲ್ಲ. ಅಕ್ಕ ಚಹಾ ತರಲು ಹೋದಾಗ ಅವರು ನನ್ನನ್ನು ಹತ್ತಿರ ಕರೆದರು.

“ಅಕ್ಕನಿಗೆ ಹೇಳುವುದಿಲ್ಲ. ನನಗೆ ಒಂದೇ ಗೊತ್ತಾಗಬೇಕು. ನೀನು ಯಾಕೆ ಹೊಡೆದದ್ದು?”

“ಭಾವಾ! ನಾನು ನಿಮ್ಮ ಮೇಲೆ ಅಡ್ಡ ಬಿದ್ದದ್ದು...”

“ಹೌದು” ಎಂದರು ಅವರು, ಮೆಲ್ಲಗೆ. “ಮೇಲೆ ಬಿದ್ದೇ ಹೊಡೆದದ್ದಲ್ವಾ ನೀನು? ಮುಖ ನೋಡಿದ್ದೇನೆ.”

ಪ್ರಜ್ವಲ್‌ನನ್ನು ಕೇಳಿದೆ. ಕತ್ತಲಲ್ಲಿ ತನಗೆ ಏನೂ ಕಾಣಲಿಲ್ಲ ಎನ್ನುತ್ತಾನೆ. ನನ್ನ ಕಣ್ಣು ನೋಡಿ ಹೇಳುವುದಿಲ್ಲ.

ಈಗ ಭಾವನ ಕೈ ಕೂಡಿದೆ. ಹಬ್ಬಕ್ಕೆ ಒಟ್ಟಿಗೆ ಊಟಕ್ಕೆ ಕೂರುತ್ತೇವೆ, ನಗುತ್ತೇವೆ. ಆದರೆ ಸಾರಿನ ಪಾತ್ರೆಗೆಂದು ನಾನು ಕೈ ಎತ್ತಿದರೂ ಅವರ ಎಡಗೈ ತಲೆಗೆ ಅಡ್ಡ ಏರುತ್ತದೆ. ಅಕ್ಕ ಅದನ್ನು ನೋಡಿದ್ದಾಳೆ.

ನಾನು ಹೊಡೆದಿಲ್ಲ. ದೇವರಾಣೆಗೂ ಹೊಡೆದಿಲ್ಲ. ಆ ರಾತ್ರಿಯ ನಂತರ ವಾರಗಟ್ಟಲೆ ಭುಜ ನೋಯುತ್ತಿತ್ತು. ಅಷ್ಟು ದೂರ ಸೈಕಲ್ ತುಳಿದದ್ದಕ್ಕೆ ಎಂದುಕೊಂಡೆ... ಆದರೆ ಹ್ಯಾಂಡಲ್ ಹಿಡಿದದ್ದು ಎರಡು ಕೈಯಲ್ಲಿ. ನೋಯುತ್ತಿದ್ದದ್ದು ಬಲ ಭುಜ ಮಾತ್ರ.