ಏಳನೆಯ ಜಾಡಿ

ನನ್ನ ಅಕ್ಕನನ್ನು ಆಸ್ಪತ್ರೆಯಲ್ಲಿ ಎಲ್ಲರೂ ಬಣ್ಣದಕ್ಕ ಎನ್ನುತ್ತಿದ್ದರು. ಸತ್ತವರ ಮಿದುಳನ್ನು ಕಾಗದಕ್ಕಿಂತ ತೆಳ್ಳಗೆ ಕೊಯ್ದು ಗಾಜಿನ ಸ್ಲೈಡಿಗೆ ಅಂಟಿಸಿ ಕೊಟ್ಟರೆ, ಅದಕ್ಕೆ ಬಣ್ಣ ಹಿಡಿಸುವುದು ಅವಳ ಕೆಲಸ. ಇಪ್ಪತ್ತೆಂಟು ವರ್ಷ ಅದನ್ನೇ ಮಾಡಿದಳು. ನನ್ನ ಗಂಡ ಹೋದ ಮೇಲೆ ನನ್ನನ್ನೂ ಅಲ್ಲಿಗೆ ಸೇರಿಸಿದಳು, ಜಾಡಿ ತೊಳೆಯಲು. ನನಗೆ ಓದು ಅಷ್ಟಕ್ಕಷ್ಟೆ. ಜಾಡಿಯ ಮೇಲಿನ ಚೀಟಿ ನೋಡಬೇಡ, ಸಾಲು ನೋಡು ಎಂದು ಹೇಳಿಕೊಟ್ಟಳು. ಎಡದಿಂದ ಬಲಕ್ಕೆ ಹತ್ತು ಜಾಡಿ. ಮೂರನೆಯದರಲ್ಲಿ ಕಂದು ಬಣ್ಣ. ನಾಲ್ಕು, ಐದು, ಆರರಲ್ಲಿ ನೀರು. ಏಳರಿಂದ ಮುಂದೆ ಸ್ಪಿರಿಟ್. ಅದು ತಿಳಿಯಾಗಿಯೇ ಇರಬೇಕು.

ಒಮ್ಮೆ ಮೈಕ್ರೋಸ್ಕೋಪಿನಲ್ಲಿ ನನಗೂ ತೋರಿಸಿದಳು. ಕಂದು ಚುಕ್ಕೆಗಳು, ಅವಕ್ಕೆ ಕೂದಲಿಗಿಂತ ಸಣ್ಣ ಕೈಗಳು. ಅಕ್ಕ ಬಣ್ಣ ಹಿಡಿಸಿದ ಸ್ಲೈಡು ನೋಡಿ ರೋಗ ಹೇಳುವ ಡಾಕ್ಟರಮ್ಮ ಅವನ್ನು ಮೈಕ್ರೋಗ್ಲಿಯಾ ಎನ್ನುತ್ತಿದ್ದರು.

"ಮಿದುಳಿನ ಕಾವಲೂ ಇವೇ, ಕಸ ಗುಡಿಸೋದೂ ಇವೇ. ಚೆನ್ನಾಗಿದ್ದಾಗ ಕೈ ಚಾಚಿ ಸುತ್ತ ತಡವ್ತಾ ಇರ್ತವಂತೆ. ರೋಗ ಬಂದ್ರೆ ಕೈ ಒಳಗೆಳ್ಕೊಂಡು ಊದ್ಕೊಳ್ತವೆ. ಆಮೇಲೆ ಕಸ ಯಾವ್ದು, ಬೇಕಾದ್ದು ಯಾವ್ದು ಅಂತ ನೋಡಲ್ಲ ಕಣೇ" ಎಂದಳು ಅಕ್ಕ.

ಇನ್ನೊಂದು ಸ್ಲೈಡು ಇಟ್ಟಳು. ಅದರ ತುಂಬ ದುಂಡನೆಯ ಚುಕ್ಕೆಗಳು. ಮರೆವಿನ ರೋಗದವರದು, ನಮ್ಮಮ್ಮನಿಗಿದ್ದದ್ದು ಎಂದಳು. ಅಮ್ಮ ಕೊನೆಗೆ ನಮ್ಮಿಬ್ಬರ ಗುರುತೂ ಹಿಡಿಯದೆ ಹೋದವಳು.

ಬೇಸಗೆಯ ಒಂದು ಸಂಜೆ ತೊಳೆಯಲು ಹೋದಾಗ ಏಳನೆಯ ಜಾಡಿ ಚಹಾದ ಬಣ್ಣಕ್ಕೆ ತಿರುಗಿತ್ತು. ಅಂದರೆ ಅಕ್ಕ ನೀರಿನ ಮೂರೂ ಜಾಡಿ ಬಿಟ್ಟು ಸ್ಲೈಡುಗಳನ್ನು ನೇರ ಅದರಲ್ಲಿ ಅದ್ದಿದ್ದಳು. ನಾನು ಚೆಲ್ಲಿ, ತೊಳೆದು, ಹೊಸದು ತುಂಬಿಟ್ಟೆ. ಹದಿನೈದು ದಿನಕ್ಕೆ ಮತ್ತೆ ಹಾಗೇ ಆಯಿತು. ಆಮೇಲೆ ವಾರಕ್ಕೊಮ್ಮೆ. ಸ್ಲೈಡು ಮಬ್ಬಾಗಿ ಬರುತ್ತಿವೆ ಎಂದು ಡಾಕ್ಟರಮ್ಮ ಗೊಣಗಿದರು. ಒಂದು ಬೆಳಿಗ್ಗೆ ಬಂದು ಜಾಡಿಗಳನ್ನೂ ನೋಡಿದರು, ಎಲ್ಲ ಸರಿಯಾಗಿದ್ದವು. ಬಣ್ಣವೇ ಕೆಟ್ಟಿರಬೇಕೆಂದು ಹೊಸ ಬಾಟಲಿ ತರಿಸಿದರು. ನಾನು ಬಾಯಿ ಬಿಡಲಿಲ್ಲ. ಕೆಲಸ ಬಿಡಿಸಿದರೆ ಅಕ್ಕನೂ ಅಮ್ಮನಂತೆ ಗೋಡೆ ನೋಡುತ್ತ ಕೂತುಬಿಟ್ಟಾಳು ಎಂಬ ಹೆದರಿಕೆ. ಐದು ತಿಂಗಳು ಹೀಗೇ ನಡೆಯಿತು.

ಒಂದು ದಿನ ಮತ್ತೆ ಚಹಾದ ಬಣ್ಣಕ್ಕೆ ತಿರುಗಿದ್ದ ಏಳನೆಯ ಜಾಡಿ ಎತ್ತುವಾಗ ಅಕ್ಕ ಹಿಂದೆಯೇ ನಿಂತಿದ್ದಳು.

"ಎಷ್ಟು ದಿನದಿಂದ ಇದನ್ನ ಹೀಗೆ ತೊಳೀತಿದ್ದೀಯೇ?"

"ಬೇಸಗೆಯಿಂದ."

ಅವಳು ಸ್ಟೂಲಿನ ಮೇಲೆ ಕೂತಳು. "ನಿನ್ನಷ್ಟು ಚೊಕ್ಕವಾಗಿ ಕೆಲಸ ಮಾಡೋಳು ಈ ಆಸ್ಪತ್ರೇಲೇ ಇಲ್ಲ ಬಿಡು" ಎಂದು ನಕ್ಕಳು. ನಗು ಅಲ್ಲಿಗೇ ನಿಂತಿತು. ಅಮ್ಮನ ಕಾಯಿಲೆ ನಿನಗೂ ಬರಬಹುದು, ಪಳಗಿದ ಕೆಲಸದಲ್ಲಿ ಒಂದು ತಪ್ಪು ಕಂಡರೂ ಆ ದಿನವೇ ಬಾ ಎಂದು ಡಾಕ್ಟರಮ್ಮ ಅವಳಿಗೆ ಹೇಳಿದ್ದರಂತೆ. ಅದಕ್ಕೇ ದಿನಾ ಬೆಳಿಗ್ಗೆ ಬಂದವಳೇ ಮೊದಲು ಜಾಡಿಗಳ ಬಣ್ಣ ನೋಡುತ್ತಿದ್ದಳಂತೆ. ನಾನು ತೊಳೆದಿಟ್ಟ ಜಾಡಿಗಳನ್ನು.

"ಇವತ್ತು ಅದನ್ನ ಮುಟ್ಬೇಡ. ಹಾಗೇ ಇರ್ಲಿ. ಹೋಗಿ ಅವರನ್ನ ಕರ್ಕೊಂಡು ಬಾ."

ಕೈ ಒರೆಸಿಕೊಂಡು ಮೇಲಿನ ಮಹಡಿಗೆ ಹೋದೆ. ಡಾಕ್ಟರಮ್ಮ ಕನ್ನಡಕ ಹುಡುಕಿಕೊಂಡು ಹೊರಡುವುದಕ್ಕೆ ಹತ್ತು ನಿಮಿಷವಾಯಿತು. ನಾವು ಬಂದಾಗ ಅಕ್ಕ ಸಿಂಕಿನ ಹತ್ತಿರ ನಿಂತಿದ್ದಳು, ಕೈ ಒದ್ದೆ. ಏಳನೆಯ ಜಾಡಿ ತೊಳೆದಾಗಿತ್ತು, ಹೊಸ ಸ್ಪಿರಿಟ್ ತುಂಬಿ ಸಾಲಿನಲ್ಲಿ ಕೂತಿತ್ತು.

"ಏನ್ ಡಾಕ್ಟರಮ್ಮ, ಈ ಹೊತ್ತಲ್ಲಿ ಇಲ್ಲೀವರೆಗೂ ಬಂದ್ರಿ?" ಎಂದಳು.

ಡಾಕ್ಟರಮ್ಮ ನನ್ನ ಮುಖ ನೋಡಿದರು. ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಅಕ್ಕನ ಎದುರಿಗೇ, ಬೇಸಗೆಯ ಆ ಮೊದಲ ಸಂಜೆಯಿಂದ ಒಂದೊಂದಾಗಿ ಹೇಳಲು ಶುರು ಮಾಡಿದೆ.